ಬಾವಿಗೆ ಬಂದ ಕೋಳಿ

ಎರಡು ತಿಂಗಳಲ್ಲಿ ಮೂರನೆಯ ಸಲ ವಾಂತಿಭೇದಿಯೆಂದು ಅತ್ತೆಗೆ ಡ್ರಿಪ್ ಹಾಕಿಸಿಕೊಂಡು ಬಂದ ಮೇಲೆ ಗೋಪಿಕಾಳ ತಾಳ್ಮೆ ಮುಗಿಯಿತು. ಕೊಯಮತ್ತೂರಿನಂಚಿನ ಆ ಬೀದಿಯಲ್ಲಿ ಸುತ್ತಲೂ ಅಪಾರ್ಟ್‌ಮೆಂಟುಗಳೆದ್ದು ಆಕಾಶವೇ ಕಿರಿದಾಗಿತ್ತು. ಅತ್ತೆ ಅಂಬುಜಮ್ಮನವರು ಮಾತ್ರ ಹಿತ್ತಲಿನ ಬಾವಿಯನ್ನು ಬಿಡಲೊಲ್ಲರು. ನಲ್ಲಿಯ ನೀರು ಮಡಿಗೆ ಆಗದು, ಯಾರ್ಯಾರ ಮನೆ ಮುಂದೆ ಹಾದು ಬರುತ್ತದೋ! ಬಾವಿಯದನ್ನು ಕಾಯಿಸೋಣವೆಂದರೆ ರುಚಿ ಕೆಡುತ್ತದೆ.

"ಐವತ್ತು ವರ್ಷ ಕುಡ್ದಿದೀನಿ. ಈ ಬಾವಿ ತಣ್ಣಿ ನಂಗೇನು ಮಾಡತ್ತೆ, ಸುಮ್ನಿರೇ," ಎನ್ನುವರು, ಮಾತ್ರೆಯನ್ನೂ ಅದೇ ನೀರಿನಲ್ಲಿ ನುಂಗುತ್ತ.

ಇನ್ನೊಂದು ಸಲ ಹೀಗಾದರೆ ಕಿಡ್ನಿ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಗೋಪಿಕಾ ನೀರನ್ನು ಲ್ಯಾಬಿಗೆ ಕೊಟ್ಟಳು. ವರದಿ ತಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಓದಿದಳು.

"ಅತ್ತೆ, ನಮ್ಮ ಬಾವೀಲಿ ಇ-ಕೋಲಿ ಇದೆಯಂತೆ."

ಅಂಬುಜಮ್ಮನವರ ಕೈಯ ಸೌಟು ಕೆಳಗೆ ಬಿತ್ತು. "ಈ ಕೋಳಿಯಾ? ಯಾವ ಕೋಳಿಯೇ?"

ಗೋಪಿಕಾ ಬಾಯಿ ತೆರೆದಳು, ಹಾಗೇ ಮುಚ್ಚಿದಳು. ಇ-ಕೋಲಿ ಎಂಬ ಕ್ರಿಮಿಗೆ ಜಗ್ಗದ ಅತ್ತೆ ಕೋಳಿಗಾದರೂ ಹೆದರಲಿ. ಪಾಪ ಬಂದರೆ ತನಗೇ ಬರಲಿ.

"ಹಾಗೇ ಬರ್ದಿದಾರೆ, ಅತ್ತೆ."

ಅಂಬುಜಮ್ಮನವರು ಹೆದರಿ ಕೂರುವ ಹೆಂಗಸಲ್ಲ ಎಂಬುದು ಅವಳಿಗೆ ಮರೆತೇ ಹೋಗಿತ್ತು. ಸೆರಗು ಸಿಕ್ಕಿಸಿ ನೆಟ್ಟಗೆ ಪಕ್ಕದ ಕಟ್ಟಡಕ್ಕೆ ನುಗ್ಗಿದರು; ಗೋಪಿಕಾ ಹಿಂದೆಯೇ ಓಡಿದಳು. ಅಲ್ಲಿ ಮೇಲೆ ಹನ್ನೆರಡು ಮನೆ, ಕೆಳಗೆ ಮಾಲೀಕ ದಂಡಪಾಣಿಯ ಬಿರಿಯಾನಿ ಮೆಸ್. ಮಧ್ಯಾಹ್ನದ ಊಟದ ಹೊತ್ತು, ಒಂದು ಬೆಂಚೂ ಖಾಲಿಯಿಲ್ಲ. ನಿನ್ನ ಕೋಳಿ ನನ್ನ ಬಾವಿಯಲ್ಲಿದೆ, ಲ್ಯಾಬಿನವರೇ ಬರೆದುಕೊಟ್ಟಿದ್ದಾರೆ ಎಂದು ತಮಿಳಿನಲ್ಲಿ ಬೀದಿಗೆಲ್ಲ ಕೇಳುವಂತೆ ಕೂಗಿದರು. ಬಾಯಿಗೆ ಹೋಗುತ್ತಿದ್ದ ತುತ್ತುಗಳು ಅಲ್ಲಲ್ಲೇ ನಿಂತವು.

ದಂಡಪಾಣಿ ಬೆವರಿದ. ಮೆಸ್ಸಿನ ಮಾನ ಹೋಗುವುದೆಂದರೆ ಸಣ್ಣ ಮಾತೇ?

"ಕೋಳಿ ಇಲ್ಲೈ ಪಾಟ್ಟಿ, ಸತ್ಯಮಾ ಇಲ್ಲೈ!" ಎಂದು ತಲೆ ಮುಟ್ಟಿಕೊಂಡು ಆಣೆಯಿಟ್ಟ. "ಒಂದು ಪುಕ್ಕವೂ ಆ ಕಡೆ ಬಿದ್ದಿಲ್ಲ, ಕಸವೆಲ್ಲ ದಿನಾ ವ್ಯಾನಲ್ಲಿ ಹೋಗತ್ತೆ. ನಿಮ್ಮ ಬಾವಿಗೆ ಬರೋದು ಮೇಲಿನ ಮನೆಗಳ ಕಕ್ಕಸು ನೀರು ಮಾತ್ರ! ಟ್ಯಾಂಕು ಬಿರುಕು ಬಿಟ್ಟು ಒಂದು ವರ್ಷ ಆಯ್ತು, ಅದನ್ನ ಒಪ್ಕೋತೀನಿ. ಕೋಳಿ ಮಾತ್ರ ನಂದಲ್ಲ!"

ಉಕ್ಕಿ ಬಂದ ನಗು ಅತ್ತೆಯ ಮುಖ ನೋಡಿ ಗೋಪಿಕಾಳ ಗಂಟಲಲ್ಲೇ ಇಂಗಿತು. ಒಂದು ವರ್ಷ ದೇವರಿಗೆ ಅಭಿಷೇಕ ಮಾಡಿದ್ದು, ತೀರ್ಥವೆಂದು ಮನೆಮಂದಿಗೆಲ್ಲ ಕೊಟ್ಟದ್ದು ಅದೇ ನೀರು. ಅಯ್ಯೋ ಪಾಪ ಅನ್ನಿಸಿತು.

ಅಂಬುಜಮ್ಮನವರು ಸೊಸೆಯ ತೋಳು ಹಿಡಿದು ಮೆಲ್ಲಗೆ ಮನೆಗೆ ಬಂದರು. ಹಿತ್ತಲಿಗೆ ಹೋಗಿ ಬಾವಿಯ ಹಗ್ಗವನ್ನು ತಾವೇ ಬಿಚ್ಚಿ ಗೋಡೆಯಾಚೆ ಎಸೆದರು.

"ಕೋಳೀನೇ ಆಗಿದ್ರೆ ಎಷ್ಟೋ ವಾಸಿಯಿತ್ತಲ್ಲೇ, ಗೋಪಿಕಾ," ಎಂದರು.