ಶಾಸನಸಭೆಗೆ ಹೋದ ಪಾದ್ರಿ

“ಒಂದು ಮಾತು ಪ್ರಾರ್ಥನೆ ಮಾಡಿ, ಪಾದ್ರಿಗಳೇ,” ಎಂದಳು ಜೆನೆಟ್. “ಇವರಿಗಿನ್ನು ಹೆಚ್ಚು ಹೊತ್ತಿಲ್ಲ.”

ಗಿಡಿಯನ್ ಲೋರಿ ಮಂಚದ ಪಕ್ಕ ಕೂತು ಅವಳ ಗಂಡ ಟೋಬಿಯಸ್‌ನ ಕೈ ಹಿಡಿದಿದ್ದ. ಬಾಗಿಲ ಬಳಿ ಹ್ಯಾನ್ಸ್ ಪ್ರೂಯಿಟ್ ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಚುನಾವಣೆಯಲ್ಲಿ ಗಿಡಿಯನ್‌ನ ಎದುರು ಸೋತವನು. ರೋಗಿಯನ್ನು ನೋಡಿ ಹೋಗಲು ಬಂದೆ ಎಂದಿದ್ದ.

ಇಂಗ್ಲೆಂಡಿನ ರಾಜನ ಆಳ್ವಿಕೆ ಹೋಗಿ ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಹೊಸ ಸಂವಿಧಾನ ಬಂದಿತ್ತು. ಯಾರು ಹೇಗೆ ಬೇಕಾದರೂ ದೇವರನ್ನು ಆರಾಧಿಸಬಹುದು ಎಂದು ಬರೆದವರೇ, ಪಾದ್ರಿ ಕೆಲಸದಲ್ಲಿರುವವನು ಶಾಸನಸಭೆಯಲ್ಲಿ ಕೂರಬಾರದು ಎಂದೂ ಬರೆದಿದ್ದರು. ನದಿಯಾಚೆಯ ಕ್ವೇಕರರೆಂಬ ಕ್ರೈಸ್ತ ಪಂಥದವರಿಗೆ ಆಣೆ ಇಡುವುದೇ ಪಾಪ. ರಾಜ್ಯದ ಹೆಸರಲ್ಲಿ ಆಣೆ ಇಡದಿದ್ದರೆ ಅವರ ಹೊಲಗಳು ಹೋಗುವುದರಲ್ಲಿದ್ದವು. ಅವರ ಬಾಯಿಮಾತೇ ಸಾಕೆಂಬ ಕಾನೂನು ತರಲೆಂದು ಗಿಡಿಯನ್ ಚರ್ಚಿನ ಕೆಲಸ ಬಿಟ್ಟು ಚುನಾವಣೆಗೆ ನಿಂತಿದ್ದ. ಬೆನ್ನು ಬಿದ್ದು ಅವನನ್ನು ಚುನಾವಣೆಗೆ ನಿಲ್ಲಿಸಿದವನು ಟೋಬಿಯಸ್.

“ಮಾಡಿ ಸ್ವಾಮಿ, ನಾನೇನು ಬೇಡ ಅಂದೆನಾ?” ಎಂದ ಹ್ಯಾನ್ಸ್, ಮೆಲ್ಲಗೆ. “ಆಮೇಲೆ ಶಾಸನಸಭೆಯವರು ನೀವಿನ್ನೂ ಪಾದ್ರಿ ಕೆಲಸ ಮಾಡ್ತಿದ್ದೀರಾ ಅಂತ ಕೇಳಿದರೆ ಕಂಡದ್ದನ್ನ ಹೇಳ್ತೀನಿ ಅಷ್ಟೇ.”

ಟೋಬಿಯಸ್ ಕಣ್ಣು ತೆರೆದ. “ನಿನಗೆ ವೋಟು ಹಾಕಿಸಿ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡೆ ಕಣೋ, ಗಿಡಿ,” ಎಂದು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಅವನ ಮುಖದಲ್ಲಿ ನಗು ಇರಲಿಲ್ಲ. “ಹೆದರಿಕೆ ಆಗ್ತಿದೆ. ಏನಾದರೂ ಹೇಳೋ.”

ಗಿಡಿಯನ್ ಬಾಗಿಲ ಬಳಿಯ ಹ್ಯಾನ್ಸ್‌ನ ಕಡೆ ನೋಡಿದ. “ಇಲ್ಲೇ ಇದ್ದೀನಿ, ಟೋಬಿ,” ಎಂದಷ್ಟೇ ಅಂದ. ಟೋಬಿಯಸ್ ಸ್ವಲ್ಪ ಹೊತ್ತು ಅವನ ಬಾಯನ್ನೇ ನೋಡುತ್ತಿದ್ದ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡ. ಸಂಜೆಗೆ ಮುಂಚೆಯೇ ಹೋಗಿಬಿಟ್ಟ.

ಶಾಸನಸಭೆ ಕೂತಾಗ ಆ ಕಾನೂನು ಪಾಸಾಯಿತು. ಕ್ವೇಕರರ ಹೊಲ ಅವರಿಗೇ ಉಳಿಯಿತು. ಊರಿಗೆ ಮರಳಿದ ಗಿಡಿಯನ್ ಮನೆಗೂ ಹೋಗದೆ ನೇರ ಜೆನೆಟ್‌ಳ ಬಾಗಿಲು ತಟ್ಟಿದ.

“ಬನ್ನಿ, ಲೋರಿಯವರೇ. ಊಟದ ಹೊತ್ತಿಗೇ ಬಂದಿರಿ.”

“ಜೆನೆಟ್, ಅವತ್ತು ನಾನು...”

“ಕೂತ್ಕೊಳಿ. ಆರಿಹೋಗತ್ತೆ.”

ಜೋಳದ ರೊಟ್ಟಿ, ಬೀನ್ಸಿನ ಸಾರು ಬಡಿಸಿದಳು. ಅವಳ ಹೆಣ್ಣುಮಕ್ಕಳಿಬ್ಬರೂ ತಲೆ ಬಗ್ಗಿಸಿ, ರೂಢಿಯಂತೆ, ಅವನು ಊಟದ ಪ್ರಾರ್ಥನೆ ಶುರುಮಾಡಲೆಂದು ಕಾದರು. ಅವನು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಜೆನೆಟ್ ಕಣ್ಣು ಮುಚ್ಚಿ, ತಾನೇ, ತಡವರಿಸುತ್ತ, ಅನ್ನ ಕೊಟ್ಟ ದೇವರಿಗೆ ಎರಡು ಮಾತು ಹೇಳಿದಳು.

ಮಕ್ಕಳು “ಆಮೆನ್” ಅಂದರು. ಗಿಡಿಯನ್ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಕೂತ.