ಬಾಡಿಗೆ ಕುರ್ಚಿಗಳು

ಮಂಡಿಕಲ್ ರಸ್ತೆಯ ದ್ರಾಕ್ಷಿ ಷೆಡ್ಡಿನಲ್ಲಿ ಇಪ್ಪತ್ತು ಹೆಂಗಸರು ಬೆಳಗಿನ ಎಂಟರಿಂದ ಸಂಜೆ ಆರರವರೆಗೆ ನಿಂತೇ ಇರುತ್ತಿದ್ದರು. ಗೊಂಚಲು ಎತ್ತಿ ಹಿಡಿಯುವುದು, ಸಣ್ಣ ಕತ್ತರಿಯಿಂದ ಕೆಟ್ಟ ಹಣ್ಣು ತೆಗೆಯುವುದು, ಬಾಕ್ಸಿಗೆ ಇಡುವುದು. ಕಾಲ ಕೆಳಗೆ ಒದ್ದೆ ಸಿಮೆಂಟು. ಕೂರಲು ಒಂದು ಕಲ್ಲೂ ಇರಲಿಲ್ಲ. “ಕೂತ್ರೆ ನಿದ್ದೆ ಬರುತ್ತೆ,” ಎನ್ನುವುದು ಯಜಮಾನ ಹರಿಕೃಷ್ಣನ ಮಾತು. ಅವನು ಗಾಜಿನ ಕೋಣೆಯಲ್ಲಿ, ತಿರುಗುವ ಕುರ್ಚಿಯಲ್ಲಿ ಕೂತು ಈ ಮಾತು ಹೇಳುತ್ತಿದ್ದ. ನಿದ್ದೆಯನ್ನೂ ಮಾಡುತ್ತಿದ್ದ.

ಆದಿಲಕ್ಷ್ಮಮ್ಮನಿಗೆ ಆ ಸಿಮೆಂಟು ಕಂಡರೆ ಎದೆ ಭಾರ. ಹೋದ ವರ್ಷ ಅವಳ ಸೊಸೆ ತನುಜ ಅಲ್ಲೇ ಕುಸಿದಿದ್ದಳು. ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ. ಈಗ ಪಕ್ಕದಲ್ಲಿ ನಿಲ್ಲುವ ರೂಪಾಗೆ ಏಳು ತಿಂಗಳು. ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ದೀಪ ಹಚ್ಚುವಾಗ ಆದಿಲಕ್ಷ್ಮಮ್ಮ ಬೇಡುತ್ತಿದ್ದುದು ಇಷ್ಟೇ: ಈ ಹುಡುಗಿ ಕೂರೋಕೆ ಏನಾದ್ರೂ ಮಾಡಪ್ಪ, ತಂದೆ.

ತಂದೆ ಕಳಿಸಿದ್ದು ಶಾಮಿಯಾನದ ಕೋನಪ್ಪನನ್ನು.

ಹೊರದೇಶಕ್ಕೆ ಹಣ್ಣು ಕಳಿಸುವ ಕಂಪನಿಯವರು ಷೆಡ್ಡನ್ನೂ ಕೆಲಸದವರ ಅನುಕೂಲವನ್ನೂ ನೋಡಲು ಬರುವವರಿದ್ದರು. ಹರಿಕೃಷ್ಣ ಕೋನಪ್ಪನಿಂದ ಇಪ್ಪತ್ತು ಕೆಂಪು ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ತರಿಸಿದ. “ಕೇಳಿದ್ರೆ, ದಿನಾ ಹೀಗೇ ಕೂರ್ತೀವಿ ಅನ್ನಿ,” ಎಂದು ಎಲ್ಲರಿಗೂ ಕಲಿಸಿದ. ಕುರ್ಚಿಗೆ ಮೇಜು ಕೊಂಚ ಎತ್ತರವಾಯಿತು. ಯಾರೂ ದೂರಲಿಲ್ಲ.

ಕಂಪನಿಯವರು ಬಂದರು, ನೋಡಿದರು, ತಲೆಯಾಡಿಸಿ ಹೋದರು. ಕೋನಪ್ಪ ಟೆಂಪೋ ತಂದು ಬಾಗಿಲಿಗೆ ನಿಲ್ಲಿಸಿದ.

“ಏಳ್ರಮ್ಮ, ಕುರ್ಚಿ ತಗೊಂಡೋಗ್ಬೇಕು.”

ರೂಪ ಏಳಲು ಮೇಜಿಗೆ ಕೈ ಊರಿದಳು. ಆದಿಲಕ್ಷ್ಮಮ್ಮ ಅವಳ ಭುಜ ಅದುಮಿ ಕೂರಿಸಿದಳು.

“ನಾವು ದಿನಾ ಹೀಗೇ ಕೂರೋರಲ್ವೇನಪ್ಪ? ಯಜಮಾನ್ರೇ ಹೇಳವ್ರೆ.”

ಯಾರೂ ಏಳಲಿಲ್ಲ. ಕತ್ತರಿಗಳು ಕಚಕಚ ಆಡುತ್ತಲೇ ಇದ್ದವು. ಕೋನಪ್ಪ ಕೊನೆಯಲ್ಲಿ ಕೂತಿದ್ದ ಹೆಂಡತಿಯ ಬಳಿ ಹೋದ.

“ಏ ರತ್ನ, ನೀನಾದ್ರೂ ಏಳೇ.”

ವೆಂಕಟರತ್ನಮ್ಮ ತಲೆ ಎತ್ತಲಿಲ್ಲ. “ಮದುವೆಯಾಗಿ ಹದಿನೆಂಟು ವರ್ಷಕ್ಕೆ ಇವತ್ತು ನಿನ್ನ ಕುರ್ಚೀಲಿ ಕೂತಿದ್ದೀನಿ. ಏಳಲ್ಲ, ಹೋಗು.”

ಷೆಡ್ಡೆಲ್ಲ ನಕ್ಕಿತು. ಕೋನಪ್ಪನೂ ನಗುತ್ತ ಹೊರಗೆ ಹೋಗಿ ಬೀಡಿ ಹಚ್ಚಿದ.

ಹರಿಕೃಷ್ಣ ಬಿರಬಿರನೆ ಬಂದ. “ಏನಿದು ಆದಿಲಕ್ಷ್ಮಮ್ಮ? ಏಳಿ ಎಲ್ಲಾ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡಿ.”

“ನಾಳೆ ಯಾಕೆ, ಈಗ್ಲೇ ಹೋಗ್ತೀವಿ. ಲಾರಿ ಇವತ್ತೇ ಬರುತ್ತೆ ಸ್ವಾಮಿ. ಅಷ್ಟು ಹಣ್ಣೂ ನೀವೊಬ್ರೇ ಬಾಕ್ಸಿಗೆ ತುಂಬ್ತೀರಾ?” ಆದಿಲಕ್ಷ್ಮಮ್ಮನ ದನಿ ಮೆತ್ತಗಿತ್ತು. “ಕಂಪನಿಯಿಂದ ಬಂದಿದ್ದ ಮೇಡಂ ರೂಪಾಗೆ ಫೋನ್ ನಂಬರ್ ಕೊಟ್ಟೋಗವ್ರೆ. ಕುರ್ಚಿ ಟೆಂಪೋ ಹತ್ತಿದ್ವು ಅಂತ ತಿಳಿಸೋಣ್ವಾ?”

ಹರಿಕೃಷ್ಣ ಬಾಗಿಲಲ್ಲಿದ್ದ ಟೆಂಪೋದತ್ತ ನೋಡಿದ. ಷೆಡ್ಡಿನೊಳಗೆ ನಿಂತಿದ್ದವನು ಈಗ ಅವನೊಬ್ಬನೇ. ಒದ್ದೆ ಸಿಮೆಂಟಿನ ಮೇಲೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ.

ಆದಿಲಕ್ಷ್ಮಮ್ಮ ಒಂದು ಖಾಲಿ ಕ್ರೇಟು ಬೋರಲು ಹಾಕಿ ಅವನತ್ತ ನೂಕಿದಳು.

“ದೇವರು ಮೊಣಕಾಲು ಕೊಟ್ಟಿರೋದು ಮಡಿಚಲಿ ಅಂತಾನೇ ಸ್ವಾಮಿ. ಕೂತ್ಕೊಳ್ಳಿ. ನಮ್ಗೆ ಸ್ವಂತ ಕುರ್ಚಿ ಯಾವತ್ತು ತರ್ತೀರ ಅಂತ ನಿಧಾನವಾಗಿ ಮಾತಾಡಣ.”