ಅಣ್ಣ ತಂಗಿಯ ಗುಸುಗುಸು

ಮಗಳು ಏನೋ ಕಿತಾಪತಿ ನಡೆಸಿದ್ದಾಳೆಂಬ ಅನುಮಾನ ಸರ್ವಮಂಗಳಳ ತಲೆ ಹೊಕ್ಕಿತ್ತು. ಶಿಕಾರಿಪುರದಿಂದ ಸೊರಬಕ್ಕೆ ಮನೆ ಬದಲಿಸಿದಾಗಿನಿಂದ ಆರನೇ ಕ್ಲಾಸಿನ ಚೈತ್ರಶ್ರೀ ಶಾಲೆಯಿಂದ ಬಂದವಳೇ ಅಣ್ಣ ಚನ್ನೇಶನ ಕೋಣೆ ಸೇರುತ್ತಿದ್ದಳು. ಒಳಗೆ ಬರೀ ಗುಸುಗುಸು. ತಾಯಿಯ ಹೆಜ್ಜೆ ಸದ್ದಾದರೆ ಇಬ್ಬರ ಬಾಯಿಗೂ ಬೀಗ.

ಚನ್ನೇಶನಿಗೆ ಹುಟ್ಟಿನಿಂದಲೂ ಕೈಕಾಲು ಸೆಟೆದುಕೊಂಡಿದ್ದವು. ಗೋಡೆ ಹಿಡಿದೇ ನಡೆಯುತ್ತಿದ್ದ, ಮಾತೂ ಎಳೆದೆಳೆದು ಬರುತ್ತಿತ್ತು. ಅವನ ಬಗ್ಗೆ ಹೊಸ ಶಾಲೆಯಲ್ಲಿ ಕೇಳಿದವರಿಗೆ ಇವಳು ಏನು ಹೇಳುತ್ತಿರಬಹುದು? ನನಗೆ ಅಣ್ಣನೇ ಇಲ್ಲ ಅಂದುಬಿಟ್ಟಿದ್ದರೆ? ಹೊರಗೆ ಬರಬೇಡ ಎಂದು ಅವನನ್ನೇ ಪುಸಲಾಯಿಸುತ್ತಿದ್ದರೆ? ಕೇಳಿದರೆ ಹುಡುಗಿ "ಎಂತದೂ ಇಲ್ಲ ಬಿಡಮ್ಮ" ಎಂದು ಜಾರಿಕೊಂಡಳು. ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಶ್ರಾವಣದ ಶುಕ್ರವಾರ ಅರಿಶಿನ-ಕುಂಕುಮಕ್ಕೆ ಬೀದಿಯ ಹೆಂಗಸರು ಬರುವ ಹೊತ್ತಿಗೆ ಸರ್ವಮಂಗಳ ಎಂದಿನಂತೆ ಮಗನಿಗೆ ಟಿವಿ ಹಾಕಿಕೊಟ್ಟು, ಕೋಣೆಗೆ ಹೊರಗಿನಿಂದ ಚಿಲಕ ಹಾಕಿದಳು. ಬಂದವರ ಕಣ್ಣು ತಾಗಬಾರದು, ಅವನ ಮನಸ್ಸು ನೋಯಬಾರದು. ಅದರಲ್ಲಿ ತಪ್ಪಿದೆಯೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ತನ್ನ ತಾಯಿಯ ಜೊತೆ ಬಂದಿದ್ದ ಸಹಪಾಠಿ ಗಂಗಾಶ್ರೀಯನ್ನು ಚೈತ್ರಶ್ರೀ ಹಿತ್ತಿಲಿಗೆ ಕರೆದೊಯ್ದಳು. ಇವತ್ತು ಸಿಕ್ಕಿಬಿದ್ದಳು! ತಟ್ಟೆ ತರುವ ನೆಪ ಮಾಡಿ ಸರ್ವಮಂಗಳ ಹಿತ್ತಿಲ ಬಾಗಿಲ ಹಿಂದೆ ಕಿವಿಗೊಟ್ಟು ನಿಂತಳು.

"ನಿಮ್ಮಣ್ಣಂಗೆ ಎಂತ ಆಗಿದೆಯೇ? ನಮಗೂ ಅಂಟ್ತದಾ?" ಎಂದಳು ಗಂಗಾಶ್ರೀ.

"ಇಲ್ಲ ಮಾರಾಯ್ತಿ. ಹುಟ್ಟುವಾಗ ಉಸಿರು ತಡ ಆಗಿ ಬಂತು, ಅದಕ್ಕೆ ಕೈಕಾಲು ಹೇಳಿದ್ದು ಕೇಳೂದಿಲ್ಲ. ತಲೆ ನನಗಿಂತ ಚುರುಕು. ಮಾತು ನಿಧಾನ, ನಾವು ಕಾಯ್ಬೇಕು ಅಷ್ಟೆ. ಯಾರು ಎಂತ ಕೇಳಿದ್ರೆ ಎಂತ ಹೇಳ್ಬೇಕು ಅಂತ ಅವನೇ ಕಲ್ಸಿದಾನೆ. ದಿನಾ ಪ್ರಾಕ್ಟೀಸ್ ಮಾಡ್ತೀವಿ."

ಸರ್ವಮಂಗಳಳ ಕಣ್ಣು ತುಂಬಿ ಬಂತು. ಎಂಥ ಮಗಳ ಮೇಲೆ ಎಂಥ ಅನುಮಾನ!

"ಮತ್ತೆ ಚಿಲಕ ಯಾಕೆ ಹಾಕಿರೂದು?"

"ಅವನೇ ಹಾಕ್ಸಿಕೊಂಡಿದ್ದು. ಜನ ಅಂದ್ರೆ ಅವನಿಗೆ ಆಗೂದಿಲ್ಲ." ಚೈತ್ರಶ್ರೀ ಮಗ್ಗಿ ಒಪ್ಪಿಸಿದಷ್ಟು ಸಲೀಸಾಗಿ ಹೇಳಿದಳು.

ಶುದ್ಧ ಸುಳ್ಳು. ಬೀದಿಯಲ್ಲಿ ಹೋಗುವವರನ್ನೆಲ್ಲ ಕಿಟಕಿಯಿಂದ ಕೂಗಿ ಕರೆಯುವ ಹುಡುಗ ಅವನು. ಅಮ್ಮನ ಮಾನ ಉಳಿಸಲು ಮಕ್ಕಳು ಇದನ್ನೂ ಪ್ರಾಕ್ಟೀಸ್ ಮಾಡಿಕೊಂಡಿದ್ದರು. ಸರ್ವಮಂಗಳ ನಾಚಿಕೆಯಿಂದ ಕುಗ್ಗಿಹೋದಳು.

ಹೆಂಗಸರೆಲ್ಲ ನೋಡುತ್ತಿದ್ದಂತೆಯೇ ಅವಳು ನಡುಮನೆ ದಾಟಿ ಹೋಗಿ ಚಿಲಕ ತೆಗೆದಳು.

ಚನ್ನೇಶ ತಿರುಗಿ ನೋಡಿದ. "ಎಲ್ರೂ... ಹೋದ್ರಾ... ಅಮ್ಮಾ?"

"ಇಲ್ಲ ಕಣೋ, ಎಲ್ರೂ ಇಲ್ಲೇ ಇದಾರೆ. ಬಾ."